ಪಾತ್ರವೂ ಪ್ರೇಕ್ಷಕನೂ

ಕಾವ್ಯವನ್ನೋದುವವರಲ್ಲಿಯೂ ನಾಟಕವನ್ನು ನೋಡುವವರಲ್ಲಿಯೂ ಬಹುಕಾಲದಿಂದ ಕಂಡುಬರುವ ಸಂಗತಿಯೊಂದುಂಟು. ಕೃತಿ ಒಂದೇ, ಅದನ್ನು ಕಾಣುವ ಹೊತ್ತೂ ಒಂದೇ. ಆದರೂ ಒಬ್ಬನ ಮನಸ್ಸು ಒಂದು ಪಾತ್ರದಲ್ಲಿ ನೆಟ್ಟರೆ, ಅವನ ಮಗ್ಗುಲಲ್ಲಿಯೇ ಕುಳಿತವನ ಮನಸ್ಸು ಮತ್ತೊಂದರಲ್ಲಿ ನೆಡುತ್ತದೆ. ಲೋಕದ ರುಚಿ ನಾನಾ ಬಗೆ ಎಂದು ಹೇಳಿ ಈ ಮಾತನ್ನು ಅಲ್ಲಿಗೇ ಮುಗಿಸುವುದು ವಾಡಿಕೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯೂ ಕೈಗೆ ಸಿದ್ಧವಾಗಿದೆ. ಆದರೆ ರುಚಿಗಳು ಬೇರೆಬೇರೆ ಎಂದೊಡನೆ, ಅವು ಬೇರೆಯಾದುದೇಕೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಎಳೆಯ ಮನಸ್ಸುಗಳೊಡನೆ ದಿನನಿತ್ಯ ವ್ಯವಹರಿಸುವ ಅಧ್ಯಾಪಕರಿಗೆ ಈ ಪ್ರಶ್ನೆ ಕೇವಲ ಅಲಂಕಾರಶಾಸ್ತ್ರದ ವಿಚಾರವಲ್ಲ. ಮಕ್ಕಳನ್ನು ಅರಿಯುವ ಒಂದು ದಾರಿಯೂ ಹೌದು. ಅದಕ್ಕಾಗಿ ನಮ್ಮ ಕಾವ್ಯನಾಟಕಗಳಿಂದಲೇ ಉದಾಹರಣೆಗಳನ್ನು ತರಬಹುದಾಗಿತ್ತು. ಆದರೆ ಇಂದಿನ ಮಕ್ಕಳು ಆಸೆಯಿಂದ ನೋಡುವ ಜಪಾನ್ ದೇಶದ ಒಂದು ಚಿತ್ರಮಾಲೆಯನ್ನೇ ಎತ್ತಿಕೊಂಡಿದ್ದೇನೆ. ಅದಕ್ಕೆ ಕಾರಣ ಮುಂದೆ ತಾನಾಗಿಯೇ ತಿಳಿದುಬರುವುದು.

ಆ ಚಿತ್ರಮಾಲೆಯ ಹೆಸರು 'ನರುಟೊ'. ಕೈಯಿಂದ ಬರೆದ ಚಿತ್ರಗಳು ಚಲಿಸುವಂತೆ ಮಾಡಿ ಕಥೆ ಹೇಳುವ ಇಂತಹ ಕೃತಿಗಳಿಗೆ ಜಪಾನಿನಲ್ಲಿ 'ಅನಿಮೆ' ಎನ್ನುತ್ತಾರೆ. ಮಸಾಶಿ ಕಿಶಿಮೊಟೊ ಎಂಬ ಚಿತ್ರಕಾರರು 1999 ರಿಂದ 2014 ರವರೆಗೆ ಒಂದು ವಾರಪತ್ರಿಕೆಯಲ್ಲಿ 700 ಅಧ್ಯಾಯಗಳಾಗಿ ಬರೆದ ಚಿತ್ರಕಥೆ ಇದಕ್ಕೆ ಮೂಲ. ಅದನ್ನಾಧರಿಸಿದ ಚಿತ್ರಮಾಲೆ ಜಪಾನಿನ ದೂರದರ್ಶನದಲ್ಲಿ 2002 ರ ಅಕ್ಟೋಬರ್ ತಿಂಗಳಲ್ಲಿ ಆರಂಭವಾಗಿ 2007 ರಲ್ಲಿ 220 ಕಂತುಗಳಿಗೆ ಮುಗಿಯಿತು. ಎರಡನೆಯ ಭಾಗ ಅದೇ ವರ್ಷ ತೊಡಗಿ 2017 ರವರೆಗೆ 500 ಕಂತುಗಳಷ್ಟು ನಡೆಯಿತು. ಹದಿನೈದು ವರ್ಷಗಳಲ್ಲಿ 720 ಕಂತುಗಳು! ಒಂದು ಮಹಾಕಾವ್ಯದ ವಿಸ್ತಾರವೇ ಇದಕ್ಕುಂಟೆಂದರೆ ಅತಿಶಯೋಕ್ತಿಯಾಗದು.

ಇದು ನನ್ನ ಗಮನಕ್ಕೆ ಬಂದುದು ಒಂಬತ್ತನೆಯ ತರಗತಿಯ ಪ್ರಬಂಧದ ಪುಸ್ತಕಗಳಿಂದ. 'ನಾನು ಮೆಚ್ಚಿದ ಪಾತ್ರ' ಎಂಬ ವಿಷಯವನ್ನು ಕೊಟ್ಟು, ಯಾವ ಕೃತಿಯಿಂದಲಾದರೂ ಆರಿಸಿಕೊಳ್ಳಬಹುದೆಂದು ಹೇಳಿದ್ದೆ. ಏಳೆಂಟು ಮಂದಿ ಈ ಒಂದೇ ಚಿತ್ರಮಾಲೆಯಿಂದ ಪಾತ್ರಗಳನ್ನು ಆರಿಸಿಕೊಂಡಿದ್ದರು. ವಿಶೇಷವೇನೆಂದರೆ, ಒಬ್ಬರು ಆರಿಸಿದ ಪಾತ್ರವನ್ನು ಇನ್ನೊಬ್ಬರು ಆರಿಸಿರಲಿಲ್ಲ. ಒಬ್ಬನಿಗೆ ಕಥಾನಾಯಕನಾದ ನರುಟೊ, ಒಬ್ಬನಿಗೆ ಸೇಡಿನ ಕಿಚ್ಚಿನಲ್ಲಿ ಬೇಯುವ ಸಾಸುಕೆ, ಒಬ್ಬಳಿಗೆ ಸಕುರಾ, ಮತ್ತೊಬ್ಬನಿಗೆ ರಾಕ್ ಲೀ, ಇನ್ನೊಬ್ಬನಿಗೆ ಸ್ವಂತ ಬಂಧುಗಳನ್ನೇ ಕೊಂದ ಇಟಾಚಿ. ಬರೆಹಗಳಲ್ಲಿ ಕಾಗುಣಿತದ ದೋಷಗಳಿದ್ದವು. ಆದರೆ ಪಠ್ಯದಲ್ಲಿನ ಪಾತ್ರಗಳ ವಿಷಯವಾಗಿ ಬರೆಯುವಾಗ ಎಂದೂ ಕಾಣದಿದ್ದ ಒಂದು ಬಿಸಿ ಆ ವಾಕ್ಯಗಳಲ್ಲಿತ್ತು. ಆ ವರ್ಷದ ಬೇಸಿಗೆ ರಜೆಯಲ್ಲಿ ಅಣ್ಣನ ಮನೆಗೆ ಹೋದಾಗ ಅವನ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಮಾಲೆಯನ್ನು ಮೊದಲಿನಿಂದ ನೋಡತೊಡಗಿದೆ. ಮಾತು ಜಪಾನಿಯದು, ಪರದೆಯ ಕೆಳಗೆ ಇಂಗ್ಲಿಷಿನ ಸಾಲು. ನಾನು ಒಂದು ಸಾಲನ್ನು ಓದಿ ಮುಗಿಸುವಷ್ಟರಲ್ಲಿ ಮೂರು ಸಾಲು ಹಾದುಹೋಗುತ್ತಿದ್ದವು. "ಸಣ್ಣಜ್ಜ, ನೀವು ಮುಖ ನೋಡ್ರಿ, ಮಾತು ನಾ ಹೇಳ್ತೀನಿ" ಎಂದು ಆ ಹುಡುಗ ನನ್ನ ವ್ಯಾಖ್ಯಾನಕಾರನಾದ.

ಕಥೆಯ ಆರಂಭವನ್ನು ಇಲ್ಲಿ ಸಂಗ್ರಹವಾಗಿ ಹೇಳುವುದು ಅವಶ್ಯ. ಎಲೆಗಳ ಮರೆಯಲ್ಲಿ ಅಡಗಿದ ಊರು ಎಂಬ ಅರ್ಥದ ಹೆಸರುಳ್ಳ ಒಂದು ಊರು. ಅಲ್ಲಿನವರು ನಿಂಜಾ ಎಂಬ ಗೂಢವಿದ್ಯೆಯ ಯೋಧರು. ಹನ್ನೆರಡು ವರ್ಷಗಳ ಹಿಂದೆ ಒಂಬತ್ತು ಬಾಲಗಳ ದೈತ್ಯನರಿಯೊಂದು ಆ ಊರಿನ ಮೇಲೆ ಬಿದ್ದು ಅನೇಕರನ್ನು ಕೊಂದಿತು. ಊರಿನ ನಾಲ್ಕನೆಯ ನಾಯಕನು ತನ್ನ ಪ್ರಾಣವನ್ನು ತೆತ್ತು ಆ ನರಿಯನ್ನು ಆಗತಾನೆ ಹುಟ್ಟಿದ ಒಂದು ಹಸುಗೂಸಿನ ಒಡಲಲ್ಲಿ ಬಂಧಿಸಿದನು. ಆ ಕೂಸೇ ನರುಟೊ. ದೊಡ್ಡವರಿಗೆಲ್ಲ ಈ ಸಂಗತಿ ಗೊತ್ತು. ಮಕ್ಕಳಿಗೆ ಹೇಳಕೂಡದೆಂದು ಕಟ್ಟಪ್ಪಣೆ. ಅನಾಥನಾದ ಆ ಹುಡುಗನಿಗಾದರೋ ಊರವರು ತನ್ನನ್ನು ಹೇಸಿಗೆಯ ಕಣ್ಣಿನಿಂದ ನೋಡುವುದು ಮಾತ್ರ ಗೊತ್ತು, ಏಕೆಂಬುದು ಗೊತ್ತಿಲ್ಲ. ಕಿಡಿಗೇಡಿತನದಿಂದಲಾದರೂ ನಾಲ್ಕು ಜನ ತನ್ನತ್ತ ನೋಡಲೆಂದು ಅವನು ಬೆಟ್ಟದಲ್ಲಿ ಕೆತ್ತಿದ ನಾಯಕರ ಮುಖಗಳಿಗೆ ಬಣ್ಣ ಬಳಿಯುತ್ತಾನೆ. ಪರೀಕ್ಷೆಯಲ್ಲಿ ಅನುತ್ತೀರ್ಣನಾಗುತ್ತಾನೆ. ತೇರ್ಗಡೆಯಾದ ಮಕ್ಕಳನ್ನು ತಂದೆತಾಯಿಗಳು ಮುದ್ದಾಡುತ್ತಿರುವಾಗ ಅವನು ಮರದ ಕೆಳಗಿನ ಉಯ್ಯಾಲೆಯಲ್ಲಿ ಒಬ್ಬನೇ ಕುಳಿತಿರುತ್ತಾನೆ.

ಆ ಶಾಲೆಯ ಅಧ್ಯಾಪಕನ ಹೆಸರು ಇರುಕಾ. ಅವನ ತಂದೆತಾಯಿಗಳು ಅದೇ ನರಿಯೊಡನೆ ಹೋರಾಡಿ ಮಡಿದವರು. ಹಾಗಾದರೆ ನರುಟೊವನ್ನು ದ್ವೇಷಿಸುವುದಕ್ಕೆ ಊರವರಿಗಿರುವಷ್ಟೇ ಕಾರಣ ಅವನಿಗೂ ಇದೆ. ಆದರೆ ತಂದೆತಾಯಿಗಳನ್ನು ಕಳೆದುಕೊಂಡ ಮೇಲೆ ತಾನೂ ಹೀಗೆಯೇ ಜನರನ್ನು ನಗಿಸಿ, ಕೋಡಂಗಿಯಾಗಿ, ಗಮನ ಬೇಡುತ್ತಿದ್ದುದು ಅವನ ನೆನಪಿನಲ್ಲಿದೆ. ಮೊದಲನೆಯ ಕಂತಿನಲ್ಲಿಯೇ ನರುಟೊವಿನ ಮೇಲೆ ಬೀಸಿಬಂದ ಮಹಾಯುಧಕ್ಕೆ ಅವನು ತನ್ನ ಬೆನ್ನನ್ನೊಡ್ಡುತ್ತಾನೆ; ಕಣ್ಣೀರಿಡುತ್ತ ತನ್ನ ಬಾಲ್ಯವನ್ನು ಹೇಳಿಕೊಳ್ಳುತ್ತಾನೆ; ಕೊನೆಗೆ ತನ್ನ ಹಣೆಯ ಪಟ್ಟಿಯನ್ನು ಬಿಚ್ಚಿ ಹುಡುಗನ ಹಣೆಗೆ ಕಟ್ಟುತ್ತಾನೆ. ಅನುತ್ತೀರ್ಣನಾದವನು ಹೀಗೆ ತೇರ್ಗಡೆಯಾಗುತ್ತಾನೆ.

ನಾವು ಎತ್ತಿಕೊಂಡ ಪ್ರಶ್ನೆಯ ಉತ್ತರದ ಬೀಜ ಈ ಮೊದಲ ಕಂತಿನಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ. ಒಬ್ಬ ಬಾಲಕನಿದ್ದಾನೆ, ಅವನನ್ನು ಇಡೀ ಊರು ನೋಡುತ್ತಿದೆ. ಊರಿಗೆ ಅವನಲ್ಲಿ ನರಿ ಕಾಣುತ್ತದೆ, ಇರುಕಾನಿಗೆ ಒಂಟಿಯಾದ ಕೂಸು ಕಾಣುತ್ತದೆ. ಎರಡು ನೋಟಗಳ ಹಿಂದೆಯೂ ಇರುವುದು ಒಂದೇ ರಾತ್ರಿಯ ದುಃಖ. ಅಂದಮೇಲೆ ನೋಟದ ಭೇದಕ್ಕೆ ಕಾರಣ ನೋಡಲ್ಪಡುವವನಲ್ಲಿಯೂ ಇಲ್ಲ, ನಡೆದ ಘಟನೆಯಲ್ಲಿಯೂ ಇಲ್ಲ. ನೋಡುವವನು ತನ್ನ ದುಃಖವನ್ನು ಒಳಗೆ ಏನಾಗಿ ಇರಿಸಿಕೊಂಡಿದ್ದಾನೆ ಎಂಬುದರಲ್ಲಿದೆ.

ನಮ್ಮ ಲಾಕ್ಷಣಿಕರು ಇದಕ್ಕೆ 'ವಾಸನೆ' ಎಂದು ಹೆಸರಿಟ್ಟರು. ಹೂವನ್ನು ತೆಗೆದ ಮೇಲೂ ಬುಟ್ಟಿಯಲ್ಲಿ ಉಳಿಯುವ ಕಂಪಿನಂತೆ, ಅನುಭವ ಮರೆತ ಮೇಲೂ ಚಿತ್ತದಲ್ಲಿ ಉಳಿಯುವ ಸಂಸ್ಕಾರವದು. ಕಾಶ್ಮೀರದ ಅಭಿನವಗುಪ್ತನು ಹತ್ತು ಹನ್ನೊಂದನೆಯ ಶತಮಾನಗಳ ಸಂಧಿಯಲ್ಲಿ ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆಯುತ್ತ, ಪ್ರೇಕ್ಷಕನಲ್ಲಿ ಮೊದಲೇ ವಾಸನಾರೂಪದಲ್ಲಿರುವ ಭಾವವೇ ರಂಗದ ಸಾಮಗ್ರಿಯಿಂದ ಉದ್ಬುದ್ಧವಾಗುತ್ತದೆಯೆಂದು ವಿವರಿಸಿದನು. ಒಳಗೆ ಇಲ್ಲದ ದೀಪವನ್ನು ಹೊರಗಿನ ಕಿಡಿ ಹೊತ್ತಿಸಲಾರದು. ನಮ್ಮ ಹುಡುಗನೊಬ್ಬ ರಾಕ್ ಲೀಯನ್ನು ಆರಿಸಿಕೊಂಡುದು ಈ ಸೂತ್ರಕ್ಕೆ ಒಳ್ಳೆಯ ಉದಾಹರಣೆ.

ರಾಕ್ ಲೀ ಎಂಬವನಿಗೆ ಉಳಿದ ನಿಂಜಾಗಳಿಗೆ ಬರುವ ಮಾಯಾವಿದ್ಯೆಯೊಂದೂ ಬರುವುದಿಲ್ಲ. ಕೈಕಾಲುಗಳ ಕಸರತ್ತೊಂದೇ ಅವನ ಬಂಡವಾಳ. ಅವನ ಗುರು ಗೈ ಎಂಬವನು ಅವನನ್ನು ಪರಿಶ್ರಮದ ಪ್ರತಿಭಾಶಾಲಿ ಎಂದು ಕರೆಯುತ್ತಾನೆ. ಒಂದು ಕಾಳಗದಲ್ಲಿ ಲೀ ತನ್ನ ಕಾಲುಗಳಿಗೆ ಸದಾ ಕಟ್ಟಿಕೊಂಡಿದ್ದ ಭಾರಗಳನ್ನು ಬಿಚ್ಚಿ ಕೆಳಗೆ ಬಿಡುತ್ತಾನೆ. ಅವು ಬಿದ್ದ ರಭಸಕ್ಕೆ ನೆಲ ಬಿರಿಯುತ್ತದೆ. ಇಷ್ಟು ದಿನ ಇವನು ನಡೆದುದು ಈ ಭಾರದೊಡನೆಯೇ ಎಂದು ನೋಡುವವರು ಬೆರಗಾಗುತ್ತಾರೆ. ಆದರೂ ಅವನು ಆ ಕಾಳಗವನ್ನು ಗೆಲ್ಲುವುದಿಲ್ಲ. ಎದುರಾಳಿಯಾದ ಗಾರಾನ ಮರಳು ಅವನ ಎಡಗೈಯನ್ನೂ ಎಡಗಾಲನ್ನೂ ಜಜ್ಜಿಬಿಡುತ್ತದೆ. ಪ್ರಜ್ಞೆ ತಪ್ಪಿದ ಮೇಲೂ ಅವನು ಎದ್ದು ನಿಲ್ಲುತ್ತಾನೆ. ಗುರು ಅಳುತ್ತ ಅವನನ್ನು ತಬ್ಬಿಕೊಳ್ಳುತ್ತಾನೆ. ಈ ಪಾತ್ರವನ್ನು ಮೆಚ್ಚಿ ಬರೆದ ಹುಡುಗ ಓದಿನಲ್ಲಿ ಮುಂದಿದ್ದವನಲ್ಲ. ಬೆಳಗಿನ ಜಾವ ಎದ್ದು ಮನೆಮನೆಗೆ ಹಾಲು ಹಾಕಿ ಶಾಲೆಗೆ ಬರುವವನು. ಅವನ ಪ್ರಬಂಧದಲ್ಲಿ ಕಾಳಗದ ವರ್ಣನೆ ನಾಲ್ಕೇ ಸಾಲು. ಕಾಲಿಗೆ ಕಟ್ಟಿದ ಭಾರದ ವರ್ಣನೆ ಒಂದೂವರೆ ಪುಟ. ತನ್ನ ಮನೆಯ ವಿಚಾರವಾಗಿ ಒಂದಕ್ಷರವನ್ನೂ ಅವನು ಬರೆದಿರಲಿಲ್ಲ. ಬರೆಯಬೇಕಾದ ಅಗತ್ಯವೂ ಇರಲಿಲ್ಲ.

ಹಾಗಾದರೆ ವಾಸನೆಯೊಂದೇ ಕಾರಣವೆ? ಅಲ್ಲ. ಪ್ರೇಕ್ಷಕನು ಕಥೆಯೊಳಕ್ಕೆ ಯಾವ ಬಾಗಿಲಿನಿಂದ ಪ್ರವೇಶಿಸುತ್ತಾನೆಂಬುದೂ ಒಂದು ಕಾರಣ. ಇಟಾಚಿಯ ವೃತ್ತಾಂತವನ್ನು ನೋಡಿರಿ. ಅವನು ಒಂದೇ ರಾತ್ರಿಯಲ್ಲಿ ತಂದೆತಾಯಿಗಳ ಸಹಿತ ತನ್ನ ಕುಲವನ್ನೇ ಕೊಂದು, ತಮ್ಮನಾದ ಸಾಸುಕೆಯೊಬ್ಬನನ್ನು ಉಳಿಸಿ, ನನ್ನನ್ನು ದ್ವೇಷಿಸುತ್ತ ಬದುಕು ಎಂಬ ಭಾವದ ಮಾತನ್ನಾಡಿ ಹೊರಟುಹೋದವನು. ಮೊದಲ ಭಾಗದ 220 ಕಂತುಗಳಲ್ಲಿ ನಮಗೆ ಗೊತ್ತಿರುವುದು ಇಷ್ಟೇ. ಆದುದರಿಂದ ಆ ವರ್ಷಗಳಲ್ಲಿ ನೋಡಿದವರಿಗೆ ಅವನು ರಾಕ್ಷಸ, ಸಾಸುಕೆಯೇ ನೊಂದವನು. ಎರಡನೆಯ ಭಾಗದಲ್ಲಿ, ಇಟಾಚಿ ಸತ್ತ ಮೇಲೆ, ನಿಜ ಹೊರಬೀಳುತ್ತದೆ. ಅವನ ಕುಲದವರು ಊರಿನ ಆಡಳಿತದ ಮೇಲೆ ದಂಗೆಯೇಳಲು ಹೊಂಚುಹಾಕಿದ್ದರು; ಅದು ಯುದ್ಧವಾಗಿ ಹಬ್ಬದಿರಲೆಂದು ಊರಿನ ಹಿರಿಯರು ಆ ಘೋರಕಾರ್ಯವನ್ನು ಅವನಿಂದಲೇ ಮಾಡಿಸಿದರು; ತಮ್ಮನನ್ನು ಮಾತ್ರ ಕೊಲ್ಲಲು ಅವನ ಕೈ ಏಳಲಿಲ್ಲ. ಆಗ ಅವನಿಗೆ 13 ವರ್ಷ. ಕೃತ್ಯ ಅದೇ, ಸತ್ತವರು ಅವರೇ. ಆದರೆ ಹಿಂದಿನ ಕಂತುಗಳಲ್ಲಿನ ಅವನ ಒಂದೊಂದು ಮೌನಕ್ಕೂ ಈಗ ಬೇರೆ ಅರ್ಥ ಬರುತ್ತದೆ. ಈ ಗುಟ್ಟನ್ನು ಗೆಳೆಯರಿಂದ ಮೊದಲೇ ಕೇಳಿ ತಿಳಿದು ನೋಡತೊಡಗಿದ ಹುಡುಗನಿಗೂ, ಏನೂ ತಿಳಿಯದೆ ವರ್ಷಗಟ್ಟಲೆ ಸಾಸುಕೆಯೊಡನೆ ದ್ವೇಷವನ್ನು ಹೊತ್ತು ನಡೆದವನಿಗೂ ಇಟಾಚಿ ಒಬ್ಬನೇ ಆಗಿರಲು ಹೇಗೆ ಸಾಧ್ಯ?

ಕನ್ನಡದ ಓದುಗರಿಗೆ ಇದು ಅಪರಿಚಿತವಾದ ಅನುಭವವೇನಲ್ಲ. ರನ್ನಕವಿಯು ಗದಾಯುದ್ಧದಲ್ಲಿ ತನ್ನ ದೊರೆಯಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಭೀಮನನ್ನೇ ನಾಯಕನನ್ನಾಗಿ ನಿಲ್ಲಿಸಿದ್ದಾನೆ. ಆದರೆ ದುರ್ಯೋಧನನನ್ನು ರಣರಂಗದಲ್ಲಿ ನಡೆಸುತ್ತ, ಸತ್ತ ಗುರುವಿನ, ತಮ್ಮನ, ಗೆಳೆಯನ, ಕಡೆಗೆ ಶತ್ರುವಿನ ಮಗನಾದ ಅಭಿಮನ್ಯುವಿನ ಮುಂದೆಯೂ ನಿಲ್ಲಿಸಿ ಮರುಗಿಸಿದುದರಿಂದ, ಓದುಗರ ಹೃದಯ ಅವನ ಹಿಂದೆಯೇ ಹೋಗುತ್ತದೆ. ಯಾರೊಡನೆ ನಾವು ಹೆಜ್ಜೆಹಾಕುತ್ತೇವೆಯೋ ಅವನ ಕಾಲಿನ ಮುಳ್ಳು ನಮಗೆ ಗೊತ್ತಾಗುತ್ತದೆ.

ಮೂರನೆಯ ಕಾರಣವು ಈ ಕಲೆಯ ರೀತಿಗೇ ಸಂಬಂಧಿಸಿದುದು. ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಸರಿಯುತ್ತವೆ. ಅಷ್ಟೂ ಚೌಕಟ್ಟುಗಳಿಗೆ ಬೇರೆಬೇರೆ ಚಿತ್ರ ಬರೆಯಬೇಕೆಂದರೆ ಅಪಾರವಾದ ಶ್ರಮ ಮತ್ತು ಹಣ ಬೇಕು. 1963 ರಲ್ಲಿ ಒಸಾಮು ತೆಜುಕಾ ಅವರು ತಮ್ಮ 'ಬಲಿಷ್ಠ ಅಣು' ಎಂಬ ಯಂತ್ರಬಾಲಕನ ಕಥೆಯನ್ನು ವಾರಕ್ಕೊಂದು ಕಂತಿನಂತೆ ಜಪಾನಿನ ದೂರದರ್ಶನಕ್ಕೆ ಮಾಡತೊಡಗಿದಾಗ ಮಿತವ್ಯಯದ ಹಾದಿ ಹಿಡಿದರು. ಒಂದೇ ಚಿತ್ರವನ್ನು ಮೂರು ಚೌಕಟ್ಟುಗಳವರೆಗೆ ನಿಲ್ಲಿಸಿದರೆ ಸೆಕೆಂಡಿಗೆ 8 ಚಿತ್ರ ಸಾಕು. ಪಾತ್ರ ಸುಮ್ಮನೆ ನಿಂತಿದ್ದರೆ ಒಂದು ಚಿತ್ರವೇ ಸಾಕು. ಮುಖ ನಿಶ್ಚಲವಾಗಿದ್ದು, ಒಳಗಿನ ಮಾತು ಮಾತ್ರ ದನಿಯಾಗಿ ಕೇಳಿಬರುವ ದೃಶ್ಯಗಳು ಜಪಾನಿನ ಚಿತ್ರಮಾಲೆಗಳಲ್ಲಿ ಹೇರಳವಾಗಿರುವುದಕ್ಕೆ ಈ ಮಿತವ್ಯಯವೂ ಒಂದು ಹಿನ್ನೆಲೆ. ಬಡತನದಿಂದ ಬಂದ ಈ ನಿಶ್ಚಲತೆಯಿಂದ ಒಂದು ಉಪಕಾರವಾಗಿದೆ. ಮನುಷ್ಯನಟನ ಮುಖದಲ್ಲಿ ಅವನದೇ ಆದ ನೂರು ಗೆರೆಗಳಿರುತ್ತವೆ. ಬರೆದ ಮುಖದಲ್ಲಿಯಾದರೋ ಎರಡು ದೊಡ್ಡ ಕಣ್ಣು, ಮೂಗಿನ ಜಾಗದಲ್ಲೊಂದು ಗೀಟು, ಬಾಯಿಯ ಜಾಗದಲ್ಲೊಂದು ಗೀಟು. ಉಳಿದುದನ್ನು ನೋಡುವವನೇ ತುಂಬಿಕೊಳ್ಳಬೇಕು. ಅದು ಜಪಾನಿನ ಮುಖವೂ ಹೌದು, ಹಾಲು ಹಾಕುವ ಹುಡುಗನ ಮುಖವೂ ಆಗಬಲ್ಲುದು. ನರುಟೊವಿನ ದನಿ ಜುಂಕೊ ತಕೆಉಚಿ ಎಂಬ ಮಹಿಳೆಯದೆಂದು ತಿಳಿದಾಗ ನನಗೆ ಸೋಜಿಗವಾಯಿತು, ಹುಡುಗನಿಗೆ ಸೋಜಿಗವಾಗಲಿಲ್ಲ. "ಅಳೂದು ಎಲ್ಲರ್ದೂ ಒಂದ ಥರಾನ ಅಲ್ಲೇನ್ರಿ ಸಣ್ಣಜ್ಜ?" ಎಂದ.

ನಾಲ್ಕನೆಯದು ವಯಸ್ಸು. ಆ ಹುಡುಗನ ತಾಯಿ, ಎಂದರೆ ನನ್ನ ಅಣ್ಣನ ಮಗಳು, ಕಾಲೇಜಿನಲ್ಲಿದ್ದಾಗ ಈ ಮಾಲೆಯನ್ನು ಗೆಳತಿಯರೊಡನೆ ನೋಡಿದವಳು. ಆಗ ಅವಳಿಗೆ ಸಾಸುಕೆಯೆಂದರೆ ಪಂಚಪ್ರಾಣ. ಈಗ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಒಂದು ಕಂತಿನಲ್ಲಿ ಬಂದು ನಮ್ಮ ಹಿಂದೆ ಕುಳಿತಳು. ನರುಟೊ ಹುಟ್ಟಿದ ರಾತ್ರಿಯ ಕಂತು ಅದು. ಪ್ರಾಣ ತೆತ್ತ ಆ ನಾಲ್ಕನೆಯ ನಾಯಕ ಮಿನಾಟೊ ಬೇರೆ ಯಾರೂ ಅಲ್ಲ, ಆ ಕೂಸಿನ ತಂದೆಯೇ ಎಂಬುದು ಎರಡನೆಯ ಭಾಗದಲ್ಲಿ ತಿಳಿಯುತ್ತದೆ. ಕೂಸಿಗೆ ಗುರಿಯಿಟ್ಟ ನರಿಯ ಉಗುರನ್ನು ತಂದೆತಾಯಿಗಳಿಬ್ಬರೂ ತಮ್ಮ ಒಡಲಿನಿಂದ ತಡೆದು ನಿಂತಿದ್ದಾರೆ. ಉಳಿದಿರುವುದು ಕೆಲವೇ ಕ್ಷಣ. ತಾಯಿಯಾದ ಕುಶಿನಾ ಅಷ್ಟರೊಳಗೆ ಜೀವಮಾನದ ಬುದ್ಧಿಮಾತುಗಳನ್ನೆಲ್ಲ ಹೇಳಿಬಿಡಬೇಕು. ಊಟದಲ್ಲಿ ಬೇಕುಬೇಡವೆನ್ನಬೇಡ, ದಿನಾ ಮೀಯಬೇಕು, ಬೇಗ ಮಲಗಬೇಕು, ಒಳ್ಳೆಯ ಗೆಳೆಯರನ್ನು ಮಾಡಿಕೊಳ್ಳಬೇಕು ಎಂದು ಅವಳು ಹೇಳುತ್ತಲೇ ಹೋಗುತ್ತಾಳೆ. ತಂದೆಯ ಸರದಿ ಬಂದಾಗ ಅವನು, ತಾಯಿ ಹೇಳಿದುದೇ ನನ್ನ ಮಾತೂ ಕೂಡ ಎನ್ನುವ ಅರ್ಥದಲ್ಲಿ ಒಂದೇ ವಾಕ್ಯ ನುಡಿಯುತ್ತಾನೆ. ನನ್ನ ಅಣ್ಣನ ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಕಾಕಾ, ಆವಾಗ ಇದು ನನಗ ಉದ್ದ ಆತು ಅನಿಸಿತ್ತು" ಎಂದಳು. ಕಂತು ಬದಲಾಗಿರಲಿಲ್ಲ, ನಡುವೆ ಅವಳು ತಾಯಿಯಾಗಿದ್ದಳು.

ಈ ಸಂದರ್ಭದಲ್ಲಿ ಒಂದು ಸಂಗತಿಯನ್ನು ಹೇಳಬೇಕು. ಚಿತ್ರಮಾಲೆಗೆ ಇಪ್ಪತ್ತು ವರ್ಷ ತುಂಬಿದ ನೆನಪಿಗಾಗಿ, ಮೆಚ್ಚಿನ ಪಾತ್ರ ಯಾವುದೆಂದು ಜಗತ್ತಿನ ಅಭಿಮಾನಿಗಳಿಂದ ಮತ ಪಡೆಯಲಾಯಿತು. 2023 ರಲ್ಲಿ ಫಲಿತಾಂಶ ಹೊರಬಂದಾಗ ಮೊದಲನೆಯ ಸ್ಥಾನ ಮಿನಾಟೊವಿನದು, ಎರಡನೆಯದು ಇಟಾಚಿಯದು, ಮೂರನೆಯದು ಸಕುರಾಳದು. ಯಾರ ಹೆಸರನ್ನು ಕೃತಿ ಹೊತ್ತಿದೆಯೋ ಆ ನಾಯಕನು ಮೊದಲ ಮೂವರಲ್ಲಿಯೂ ಇರಲಿಲ್ಲ. ಗೆದ್ದ ಪಾತ್ರಕ್ಕಾಗಿ ಕಿಶಿಮೊಟೊ ಅವರು ಒಂದು ಹೊಸ ಕಿರುಕಥೆಯನ್ನು ಬರೆದು ಅದೇ ವರ್ಷ ಪ್ರಕಟಿಸಿದರು. ಕೆಲವೇ ಕಂತುಗಳಲ್ಲಿ ಜೀವಂತನಾಗಿ ಕಾಣಿಸಿಕೊಳ್ಳುವ ಒಬ್ಬ ತಂದೆ ನೂರಾರು ಕಂತುಗಳ ನಾಯಕನನ್ನು ಮೀರಿ ನಿಂತನೆಂದರೆ, ಪಾತ್ರದ ಮೇಲಿನ ಒಲವು ಅದು ಪರದೆಯ ಮೇಲಿರುವ ಹೊತ್ತಿಗೆ ಅನುಗುಣವಾಗಿರುವುದಿಲ್ಲವೆಂಬುದು ಸ್ಪಷ್ಟ.

ಮೂರನೆಯ ಸ್ಥಾನ ಪಡೆದ ಸಕುರಾಳ ವಿಷಯದಲ್ಲಿಯೂ ಒಂದು ಮಾತು. ನಮ್ಮ ತರಗತಿಯಲ್ಲಿ ಅವಳ ಹೆಸರೆತ್ತಿದೊಡನೆ ಗಂಡುಮಕ್ಕಳು ನಕ್ಕರು: ಅವಳು ಏನೂ ಮಾಡುವುದಿಲ್ಲ, ಬರಿ ಅಳುತ್ತಾಳೆಂದು ಅವರ ಆಕ್ಷೇಪ. ಅವಳನ್ನು ಮೆಚ್ಚಿ ಬರೆದ ಹುಡುಗಿ ಎದ್ದುನಿಂತು, "ಗುರುಗಳೇ, ಅವರಿಬ್ಬರ ಹೊಟ್ಟೆಯೊಳಗ ನರಿ ಐತಿ, ಕಣ್ಣೊಳಗ ವಿದ್ಯೆ ಐತಿ. ಆಕಿಗೆ ಹುಟ್ಟಾ ಏನೂ ಬಂದಿಲ್ಲ. ಆಕಿ ಎಲ್ಲಾ ಕಲಿತಾಳ" ಎಂದಳು. ತರಗತಿ ಸುಮ್ಮನಾಯಿತು. ಆ ಮಾತು ನಿಜ. ನರುಟೊವಿಗೆ ದೈತ್ಯನ ಬಲವುಂಟು, ಸಾಸುಕೆಗೆ ಕುಲದಿಂದ ಬಂದ ಕಣ್ಣಿನ ಶಕ್ತಿಯುಂಟು. ಸಾಧಾರಣ ಮನೆಯ ಮಗಳಾದ ಸಕುರಾ ಗುರುವಿನ ಬಳಿ ವೈದ್ಯವಿದ್ಯೆಯನ್ನು ಅಭ್ಯಾಸ ಮಾಡಿ ಮುಂದೆ ಬರುತ್ತಾಳೆ. ಒಲವು ಮಾತ್ರವಲ್ಲ, ತಾತ್ಸಾರವೂ ನೋಡುವವನ ವಾಸನೆಯಿಂದಲೇ ಹುಟ್ಟುತ್ತದೆ. ಏಟು ಕೊಡುವುದನ್ನೇ ಕೆಲಸವೆಂದು ಬಗೆದವರ ಕಣ್ಣಿಗೆ ಗಾಯ ಕಟ್ಟುವುದು ಕೆಲಸವಾಗಿ ತೋರುವುದಿಲ್ಲ.

ಇನ್ನು ನನ್ನ ಮನಸ್ಸು ನಿಂತ ಎಡೆಯನ್ನು ಹೇಳದಿದ್ದರೆ ಈ ವಿಚಾರ ಪರೋಪದೇಶವಾದೀತು. ಅದು ಶಿಕಮಾರು ಎಂಬ ಸೋಮಾರಿಯೂ ಬುದ್ಧಿವಂತನೂ ಆದ ಹುಡುಗನ ಒಂದು ಪ್ರಸಂಗ. ಅವನ ಗುರು ಅಸುಮಾ ಕಾಳಗದಲ್ಲಿ ಸಾಯುತ್ತಾನೆ. ಹುಡುಗ ಅಳುವುದಿಲ್ಲ. ಮನೆಯಲ್ಲಿ ತಂದೆಯು ಚದುರಂಗದಂತಹ ಶೋಗಿ ಎಂಬ ಆಟದ ಮಣೆಯನ್ನು ಮುಂದಿಟ್ಟುಕೊಂಡು ಅವನೊಡನೆ ಆಡುತ್ತಾನೆ, ಮಾತಿನಿಂದ ಕೆಣಕುತ್ತಾನೆ, ಕಡೆಗೆ ಮಣೆಯನ್ನೇ ಉರುಳಿಸಿ, ಒಳಗಿರುವುದನ್ನು ಹೊರಗೆ ಹಾಕು ಎಂದು ಎದ್ದುಹೋಗುತ್ತಾನೆ. ಕೋಣೆಯಲ್ಲಿ ಚೆಲ್ಲಿದ ಕಾಯಿಗಳ ನಡುವೆ ಹುಡುಗ ಒಬ್ಬನೇ ಗೋಳಿಡುತ್ತಾನೆ.

ನನ್ನ ಹದಿಮೂರನೆಯ ವಯಸ್ಸಿನಲ್ಲಿ ತೀರ್ಥರೂಪರು ತೀರಿಕೊಂಡರು. ಕರ್ಮಾಂತರಗಳನ್ನು ಮುಗಿಸಿ ಸಂಸ್ಕೃತ ಪಾಠಶಾಲೆಗೆ ಹಿಂದಿರುಗಿದ ದಿನ ಗುರುಗಳು ಸಾಂತ್ವನದ ಮಾತೊಂದನ್ನೂ ಆಡಲಿಲ್ಲ. ಎಂದಿನಂತೆ ಅಮರಕೋಶವನ್ನು ಒಪ್ಪಿಸು ಎಂದರು. ಮನುಷ್ಯವರ್ಗದಲ್ಲಿ ತಂದೆಯ ಪರ್ಯಾಯಪದಗಳು ಬರುವ ಜಾಗಕ್ಕೆ ಬಂದಾಗ ನನ್ನ ಕಂಠ ಕಟ್ಟಿತು. ಅವರು ತಲೆಯೆತ್ತದೆ, ನಾನು ಬಿಟ್ಟಲ್ಲಿಂದ ತಾವೇ ಹೇಳುತ್ತ ಹೋದರು. ಎಷ್ಟೋ ಹೊತ್ತು ಹೇಳಿದರು. ನನ್ನ ಅಳು ತಾನಾಗಿ ನಿಂತ ಮೇಲೆ ನಾನು ಮತ್ತೆ ದನಿ ಕೂಡಿಸಿದೆ. ನಲವತ್ತು ವರ್ಷಗಳ ಮೇಲೆ, ಎಂದೂ ಕಾಣದ ದೇಶದ, ಗೀಟುಗಳಿಂದ ಬರೆದ ಒಂದು ಕೋಣೆಯಲ್ಲಿ ಮಣೆ ಉರುಳಿದಾಗ ಆ ಪಾಠಶಾಲೆಯ ಪಡಸಾಲೆ ನನಗೆ ಕಂಡಿತು. ಪಕ್ಕದಲ್ಲಿದ್ದ ಹುಡುಗ, "ಇದರಾಗ ಫೈಟಿಂಗ್ ಇಲ್ಲ, ಮುಂದ ಹಾಕ್ಲೇನ್ರಿ?" ಎಂದು ಕೇಳಿದ. ಅವನಿಗೆ ಆ ದೃಶ್ಯ ಬರಿದು. ಆ ಬರಿದುತನ ಅವನ ಭಾಗ್ಯ. ಅದು ಬಹುಕಾಲ ಹಾಗೆಯೇ ಇರಲಿ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರವನ್ನೂ ಹೇಳುವುದು ಕರ್ತವ್ಯ. ಕೆಲವು ಪಾಲಕರು ಬಂದು, ಮಕ್ಕಳು ಕೊಲೆಗಾರರನ್ನೂ ಸೇಡಿನವರನ್ನೂ ಮೆಚ್ಚುತ್ತಿದ್ದಾರಲ್ಲ, ನೀವು ಅದಕ್ಕೆ ಅಂಕಗಳನ್ನೂ ಕೊಡುತ್ತೀರಲ್ಲ ಎಂದು ಕೇಳಿದ್ದುಂಟು. ಅವರ ಆತಂಕ ಅಕಾರಣವಾದುದಲ್ಲ. ಸಾಸುಕೆಯಲ್ಲಿ ತನ್ನ ಸಿಟ್ಟನ್ನು ಮಾತ್ರ ಕಂಡು, ಆ ಸಿಟ್ಟನ್ನೇ ಉಪ್ಪು ಖಾರ ಹಾಕಿ ಬೆಳೆಸಿಕೊಳ್ಳುವ ಪ್ರೇಕ್ಷಕನು ಇರುವುದುಂಟು. ಅಭಿನವಗುಪ್ತನು ರಸಾನುಭವಕ್ಕೆ ಏಳು ವಿಘ್ನಗಳನ್ನು ಎಣಿಸಿದ್ದಾನೆ; ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಲ್ಲಿ ಪರವಶನಾಗಿರುವುದು ಅವುಗಳಲ್ಲೊಂದು. ಇಂದಿನವರು ಪಾತ್ರ ತನ್ನಂತೆಯೇ ಇದೆಯೆಂಬುದನ್ನೇ ಮೆಚ್ಚುಗೆಯ ಕೊನೆಯೆಂದು ತಿಳಿಯುತ್ತಾರೆ. ಶಾಸ್ತ್ರದ ದೃಷ್ಟಿಯಲ್ಲಿ ಅದು ಹೊಸ್ತಿಲು. ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದ ವ್ಯಾಪಾರ ಅಲ್ಲಿಂದ ಮುಂದಕ್ಕೆ ನಡೆಯಬೇಕು: ಇದು ನನ್ನ ದುಃಖ ಎಂಬುದು ಸಡಿಲವಾಗಿ, ಇದು ದುಃಖ ಎಂದಷ್ಟೇ ಉಳಿಯಬೇಕು. ಆಗ ಗಾರಾನಂತಹವನೂ ಅರ್ಥವಾಗುತ್ತಾನೆ. ನರುಟೊವಿನಂತೆಯೇ ಒಡಲಲ್ಲಿ ದೈತ್ಯನನ್ನು ಹೊತ್ತು ಹುಟ್ಟಿ, ತಂದೆಯ ಅಪ್ಪಣೆಯಂತೆ ಸಾಕಿದ ಸೋದರಮಾವನೇ ಕೊಲ್ಲಬಂದಾಗ, 'ಪ್ರೀತಿ' ಎಂಬ ಅಕ್ಷರವನ್ನು ತನ್ನ ಹಣೆಯಲ್ಲಿ ತಾನೇ ಕೊರೆದುಕೊಂಡ ಬಾಲಕ ಅವನು. ರಾಕ್ ಲೀಯ ಕೈಕಾಲು ಮುರಿದವನೂ ಅವನೇ. ಮುಂದೆ ಅವನು ತನ್ನ ಊರಿನ ನಾಯಕನಾಗಿ ಊರನ್ನು ಕಾಯುತ್ತಾನೆ. ಲೀಯನ್ನು ಮೆಚ್ಚಿದ ಹುಡುಗ ಗಾರಾನಿಗಾಗಿಯೂ ಮರುಗಬಲ್ಲವನಾದರೆ ಅವನು ಹೊಸ್ತಿಲನ್ನು ದಾಟಿದನೆಂದು ತಿಳಿಯಬಹುದು. ಮರುಗುವುದು ಬೇರೆ, ಮಾಡಿದುದನ್ನು ಒಪ್ಪುವುದು ಬೇರೆ ಎಂಬ ವಿವೇಕವನ್ನು ಹೇಳಿಕೊಡುವ ಕೆಲಸ ನಮ್ಮದು. ಪಾಲಕರಿಗೆ ನಾನು ಕೊಟ್ಟ ಉತ್ತರವೂ ಇದೇ: ಅಂಕಗಳನ್ನು ಭಾಷೆಗೆ ಕೊಟ್ಟಿದ್ದೇನೆ, ವಿಚಾರದ ಕ್ರಮಕ್ಕೆ ಕೊಟ್ಟಿದ್ದೇನೆ, ಯಾವ ಪಾತ್ರವನ್ನು ಮೆಚ್ಚಿದನೆಂಬುದಕ್ಕೆ ಕೊಟ್ಟಿಲ್ಲ, ಕಳೆದೂ ಇಲ್ಲ.

ಇರುಕಾ ಮಾಡಿದುದೂ ಇದನ್ನೇ ಅಲ್ಲವೆ? ತನ್ನ ನೋವನ್ನು ಅವನು ಮರೆಯಲಿಲ್ಲ. ಅದರಲ್ಲಿ ಮುಳುಗಲೂ ಇಲ್ಲ. ಅದರ ಮೂಲಕ ಇನ್ನೊಬ್ಬನನ್ನು ಕಂಡನು. ಊರಿನ ಉಳಿದ ಜನ ತಮ್ಮ ನೋವಿನಲ್ಲಿಯೇ ನಿಂತರು. ಕಾವ್ಯಾಭ್ಯಾಸದಿಂದ ಮನಸ್ಸಿನ ಕನ್ನಡಿ ತಿಳಿಯಾದವನನ್ನು ಸಹೃದಯನೆನ್ನುತ್ತಾರೆ. ಆ ಕಥೆಯೊಳಗೆ ನರುಟೊವಿಗೆ ದೊರೆತ ಮೊದಲ ಸಹೃದಯನು ಅವನ ಶಾಲೆಯ ಮೇಷ್ಟರೇ ಎಂಬುದು ನಮ್ಮ ವೃತ್ತಿಯವರೆಲ್ಲ ನೆನಪಿಡತಕ್ಕ ಮಾತು.

ಆದುದರಿಂದ ಉಪಾಧ್ಯಾಯಬಂಧುಗಳಲ್ಲಿ ನನ್ನದೊಂದು ಅರಿಕೆ. ಮಕ್ಕಳನ್ನು ನಿನಗೇನು ಕಷ್ಟ ಎಂದು ಕೇಳಿದರೆ ಅವರು ಏನೂ ಇಲ್ಲವೆನ್ನುತ್ತಾರೆ. ಯಾವ ಕಥೆಯಲ್ಲಿ ಯಾವ ಪಾತ್ರ ನಿನಗೆ ಇಷ್ಟ, ಏಕೆ ಎಂದು ಕೇಳಿರಿ, ಗಂಟೆಗಟ್ಟಲೆ ಹೇಳುತ್ತಾರೆ. ಆ ಕಥೆ ಕನ್ನಡದ್ದಾಗಿರಲಿ, ಜಪಾನಿನದ್ದಾಗಿರಲಿ, ಕೇಳುವ ತಾಳ್ಮೆಯೊಂದು ನಮಗಿರಬೇಕು. ಈ ವರ್ಷವೂ ಒಂಬತ್ತನೆಯ ತರಗತಿಗೆ ಅದೇ ವಿಷಯವನ್ನು ಕೊಟ್ಟಿದ್ದೇನೆ. ಪುಸ್ತಕಗಳು ಮೇಜಿನ ಮೇಲಿವೆ. ಕೆಂಪುಶಾಯಿಯ ಲೇಖನಿಯನ್ನು ಕೈಗೆತ್ತಿಕೊಳ್ಳುವ ಮೊದಲು ಎಲ್ಲವನ್ನೂ ಒಮ್ಮೆ ಬರಿದೆ ಓದಬೇಕೆಂದಿದ್ದೇನೆ.